ನಾರು : ತಿರಸ್ಕಾರದಿಂದ ಪುರಸ್ಕಾರದವರೆಗೆ

ಮೈಸೂರಿನ ದೇವರಾಜ ಮೊಹಲ್ಲಾದಲ್ಲಿ ಚಿಕ್ಕ ಗಡಿಯಾರದ ಬಳಿ ನಿಂತು ನೋಡುವವರಿಗೆ ಎರಡು ಬಗೆಯ ಆಹಾರಗಳು ಏಕಕಾಲಕ್ಕೆ ಕಾಣುತ್ತವೆ. ದೇವರಾಜ ಮಾರುಕಟ್ಟೆಯ ಒಳಗೆ ಸೊಪ್ಪು, ಅವರೆಕಾಯಿ, ಬದನೆ, ಬಾಳೆಯ ರಾಶಿ; ಹೊರಗೆ ಸಯ್ಯಾಜಿರಾವ್ ರಸ್ತೆಯ ಅಂಚಿನಲ್ಲಿ ಸಿಹಿತಿಂಡಿ, ಮೈದಾಹಿಟ್ಟಿನ ತಿನಿಸು, ಹಿಂಡಿ ಸೋಸಿದ ಹಣ್ಣಿನ ರಸ. ಒಳಗಿರುವುದು ನಾರುಳ್ಳ ಆಹಾರ. ಹೊರಗಿರುವುದು ಬಹುಮಟ್ಟಿಗೆ ನಾರು ಕಳೆದುಕೊಂಡ ಆಹಾರ. ಈ ಕೆಲವೇ ಹೆಜ್ಜೆಗಳ ಅಂತರದಲ್ಲಿ ನೂರೈವತ್ತು ವರ್ಷಗಳ ಆಹಾರಚರಿತ್ರೆ ಅಡಗಿದೆಯೆಂದರೆ ಅತಿಶಯೋಕ್ತಿಯಾಗಲಾರದು.

ಧಾನ್ಯಗಳಲ್ಲಿ ಮೇಲು ಕೀಳೆಂಬ ಭಾವನೆ ನಮ್ಮ ನಾಡಿನಲ್ಲಿ ಹಳೆಯದು. ಹದಿನಾರನೆಯ ಶತಮಾನದ ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತಕ್ಕೂ ರಾಗಿಗೂ ವಾದ ಹೂಡಿಸಿ, ಆರು ತಿಂಗಳ ಸೆರೆವಾಸವನ್ನು ಕೆಡದೆ ತಾಳಿಕೊಂಡ ರಾಗಿಗೆ ಶ್ರೀರಾಮನಿಂದಲೇ ಮನ್ನಣೆ ಕೊಡಿಸಿದರು. ಆದರೆ ಕಾವ್ಯದ ತೀರ್ಪು ಪಂಕ್ತಿಯವರೆಗೆ ಬರಲಿಲ್ಲ. ಅಕ್ಕಿ ಉಳ್ಳವರ ಅನ್ನವೆಂದೂ ರಾಗಿ ದುಡಿಯುವವರ ಹಿಟ್ಟೆಂದೂ ಜನ ಎಣಿಸುತ್ತಲೇ ಬಂದರು. ನಾವು ಪ್ರಸಾದ ನಿಲಯದಲ್ಲಿ ಓದುತ್ತಿದ್ದ ಕಾಲದಲ್ಲಿ ನಿತ್ಯದ ಮುದ್ದೆಯನ್ನು ಊರಿನಿಂದ ಬಂದ ನೆಂಟರೆದುರು ಹೇಳಿಕೊಳ್ಳಲು ಸಂಕೋಚಪಡುತ್ತಿದ್ದುದನ್ನು, ಹಬ್ಬದ ಬಿಳಿಯ ಅನ್ನಕ್ಕಾಗಿ ದಿನ ಎಣಿಸುತ್ತಿದ್ದುದನ್ನು ಹಳೆಯ ವಿದ್ಯಾರ್ಥಿಗಳು ಮರೆತಿರಲಾರರು.

ಒರಳು ಒನಕೆಗಳ ಕಾಲದಲ್ಲಿ ಅಕ್ಕಿಯೂ ತನ್ನ ತೌಡನ್ನು ಪೂರ್ಣವಾಗಿ ಕಳೆದುಕೊಳ್ಳುತ್ತಿರಲಿಲ್ಲ. ಯಂತ್ರದ ಮಿಲ್ಲು ಬಂದ ಮೇಲೆ ಬಿಳುಪೇ ಶ್ರೇಷ್ಠತೆಯ ಗುರುತಾಯಿತು. ಇದರ ಹಾನಿ ಮೊದಲು ತಿಳಿದದ್ದು ಬೇರೊಂದು ರೋಗದಿಂದ. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿದ್ದ ಡಚ್ ವೈದ್ಯ ಐಕ್‌ಮನ್, ಪಾಲಿಶ್ ಅಕ್ಕಿಯನ್ನು ತಿಂದ ಕೋಳಿಗಳು ಬೆರಿಬೆರಿಯಂತಹ ರೋಗಕ್ಕೆ ತುತ್ತಾಗುವುದನ್ನೂ ತೌಡಿನಿಂದ ಚೇತರಿಸಿಕೊಳ್ಳುವುದನ್ನೂ ಕಂಡರು. 1929ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವೂ ದೊರೆಯಿತು. ಅಲ್ಲಿಂದ ಮುಂದೆ ತೌಡಿನ ಜೀವಸತ್ತ್ವಕ್ಕೆ ಗೌರವ ಬಂದಿತು. ಅದರಲ್ಲಿದ್ದ ನಾರು ಮಾತ್ರ ಕಸವಾಗಿಯೇ ಉಳಿಯಿತು.

ಇದಕ್ಕೆ ವಿಜ್ಞಾನದ ಅಳತೆಗೋಲೂ ಒಂದು ಕಾರಣ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ವೇಂಡೆ ಎಂಬಲ್ಲಿ ದನಗಳ ಮೇವನ್ನು ಪರೀಕ್ಷಿಸಲು ರೂಪಿಸಿದ ಕ್ರಮವೊಂದಿತ್ತು. ಪದಾರ್ಥವನ್ನು ಆಮ್ಲದಲ್ಲಿಯೂ ಕ್ಷಾರದಲ್ಲಿಯೂ ಕುದಿಸಿ, ಕೊನೆಗೆ ಉಳಿದುದನ್ನು ‘ಕಚ್ಚಾ ನಾರು’ ಎನ್ನುತ್ತಿದ್ದರು. ಆ ಕುದಿತದಲ್ಲಿ ನಿಜವಾದ ನಾರಿನ ಬಹುಪಾಲು ಕರಗಿಹೋಗುತ್ತಿತ್ತು. ಮನುಷ್ಯರ ಆಹಾರಕ್ಕೂ ಇದೇ ಅಳತೆ ಬಂದಿತು. ನಮ್ಮ ದೇಶದ ಹಳೆಯ ಆಹಾರಕೋಷ್ಟಕಗಳು 100 ಗ್ರಾಂ ರಾಗಿಯಲ್ಲಿ 3.6 ಗ್ರಾಂ ನಾರಿದೆಯೆಂದವು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೊಸ ಕ್ರಮದಲ್ಲಿ ಅಳೆದು 2017ರಲ್ಲಿ ಪ್ರಕಟಿಸಿದ ಕೋಷ್ಟಕದಲ್ಲಿ ಅದೇ ರಾಗಿಯ ನಾರು ಸುಮಾರು 11 ಗ್ರಾಂ. ಮಿಲ್ಲಿನ ಬಿಳಿಯ ಅಕ್ಕಿಯದು 3 ಗ್ರಾಮಿಗೂ ಕಡಿಮೆ. ರಾಗಿ ಬದಲಾಗಲಿಲ್ಲ, ನೋಡುವ ಕಣ್ಣು ಬದಲಾಯಿತು.

‘ಆಹಾರದ ನಾರು’ ಎಂಬ ಪದವನ್ನು 1953ರಲ್ಲಿ ಹಿಪ್ಸ್ಲಿ ಎಂಬ ವಿದ್ವಾಂಸರು ಬಳಸಿದರು. ಉಗಾಂಡದಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿದ ವೈದ್ಯರಾದ ಟ್ರೊವೆಲ್ ಮತ್ತು ಬರ್ಕಿಟ್, ತಮ್ಮ ದೇಶದಲ್ಲಿ ಸಾಮಾನ್ಯವಾದ ಹಲವು ರೋಗಗಳು ಅಲ್ಲಿನ ಹಳ್ಳಿಗರಲ್ಲಿ ಅಪರೂಪವೆಂಬುದನ್ನು ಗಮನಿಸಿ, 1970ರ ದಶಕದಲ್ಲಿ ನಾರಿನ ಮಾತನ್ನು ಜಗತ್ತಿನ ಕಿವಿಗೆ ಮುಟ್ಟಿಸಿದರು. 1977ರಲ್ಲಿ ಇಂಗ್ಲೆಂಡಿನ ಹೀಟನ್ ಮತ್ತು ಸಂಗಡಿಗರು ಹತ್ತು ಜನರಿಗೆ ಸೇಬನ್ನು ಇಡಿಯಾಗಿ, ಅರೆದ ತಿರುಳಾಗಿ ಮತ್ತು ಸೋಸಿದ ರಸವಾಗಿ ಕೊಟ್ಟು ಪರೀಕ್ಷಿಸಿದರು. ಸಕ್ಕರೆಯ ಅಂಶ ಮೂರರಲ್ಲಿಯೂ ಸಮ. ಆದರೆ ಇಡಿಯ ಹಣ್ಣನ್ನು ತಿನ್ನುವುದಕ್ಕಿಂತ ರಸವನ್ನು ಹನ್ನೊಂದು ಪಟ್ಟು ಬೇಗ ಕುಡಿಯಬಹುದಾಗಿತ್ತು. ಹಸಿವೆ ತಣಿದದ್ದು ಮಾತ್ರ ಇಡಿಯ ಹಣ್ಣಿನಿಂದಲೇ ಹೆಚ್ಚು.

ಸ್ಥೂಲಕಾಯಕ್ಕೂ ನಾರಿಗೂ ಇರುವ ಸಂಬಂಧ ಇಲ್ಲಿ ಸ್ಪಷ್ಟವಾಗುತ್ತದೆ. ನಾರು ಅಗಿಯುವ ಕೆಲಸವನ್ನು ಹೆಚ್ಚಿಸುತ್ತದೆ; ನೀರನ್ನು ಹೀರಿ ಹೊಟ್ಟೆ ತುಂಬಿದ ಭಾವವನ್ನು ಕೊಡುತ್ತದೆ; ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನಗೊಳಿಸುತ್ತದೆ. ಸಾಕೆಂಬ ಅರಿವು ಬಾಯಿಗಿಂತ ತಡವಾಗಿ ಬರುವುದರಿಂದ, ಬೇಗ ಮುಗಿಯುವ ಊಟವು ಬೇಕಾದುದಕ್ಕಿಂತ ಹೆಚ್ಚಾಗುತ್ತದೆ.

ಈ ತಿಳಿವಳಿಕೆ ಜನರನ್ನು ಇನ್ನೂ ಅರ್ಧವಾಗಿಯೇ ಮುಟ್ಟಿದೆ. ನಾರೆಂದರೆ ಮಲಬದ್ಧತೆಯ ಮದ್ದೆಂದು ಬಲ್ಲವರು ಬಹಳ. ಮೈತೂಕದೊಡನೆ ಅದರ ನಂಟನ್ನು ಬಲ್ಲವರು ಕಡಿಮೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಸ್ತ್ರೀಪುರುಷರಲ್ಲಿ ನೂರಕ್ಕೆ ಸುಮಾರು 30 ಮಂದಿ ಅತಿತೂಕದವರು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲೆ ರಾಗಿಗೆ ಮತ್ತೆ ಮರ್ಯಾದೆ ಬಂದಿರುವುದು ಸಂತೋಷವೇ. ಆದರೆ ರಾಗಿಯ ಹೆಸರು ಹೊತ್ತ ಬಿಸ್ಕತ್ತಿನಲ್ಲಿ ಮೈದಾ ಸಕ್ಕರೆಗಳೇ ಮುಂದಾಗಿದ್ದರೆ ಹೆಸರಿನಿಂದ ಫಲವಿಲ್ಲ. ನಾರೊಂದರಿಂದಲೇ ಬೊಜ್ಜು ಕರಗುತ್ತದೆಂಬುದೂ ಸರಿಯಲ್ಲ. ಮೈಮುರಿದು ಮಾಡುವ ಕಾಯಕ ಮತ್ತು ಮಿತವಾದ ಊಟ ಜೊತೆಗಿರಬೇಕು. ಮುದ್ದೆ ಉಂಡ ನಮ್ಮ ಹಿರಿಯರು ಹೊಲದಲ್ಲಿ ದುಡಿದವರೆಂಬುದನ್ನು ನೆನೆಯಬೇಕು.

ದಿನಕ್ಕೆ 2000 ಕ್ಯಾಲೊರಿಯ ಆಹಾರದಲ್ಲಿ ಸುಮಾರು 30 ಗ್ರಾಂ ನಾರಿರಬೇಕೆಂದು ಪೋಷಣಾತಜ್ಞರು ಹೇಳುತ್ತಾರೆ. ಇದಕ್ಕೆ ಔಷಧದಂಗಡಿಯ ಪುಡಿ ಅನಿವಾರ್ಯವಲ್ಲ. ಒಂದು ಹೊತ್ತಿನ ರಾಗಿ ಅಥವಾ ಜೋಳ, ಕಾಳಿನ ಸಾರು, ಸೊಪ್ಪಿನ ಪಲ್ಯ, ರಸದ ಬದಲು ಇಡಿಯ ಹಣ್ಣು, ಜೊತೆಗೆ ಸಾಕಷ್ಟು ನೀರು ಇದ್ದರೆ ಬಹುಪಾಲು ನೆರವೇರಿತು. ಮಧುಮೇಹ, ಕರುಳಿನ ಬೇನೆಯುಳ್ಳವರು ವೈದ್ಯರನ್ನು ಕೇಳಿ ನಡೆಯುವುದು ಒಳಿತು.

ಪದಾರ್ಥವು ಪ್ರಸಾದವಾಗುವುದು ಅದರ ಬಿಳುಪಿನಿಂದಲ್ಲ, ಸ್ವೀಕರಿಸುವವರ ಭಾವದಿಂದ. ಮನೆಯ ಮಕ್ಕಳು ಮುದ್ದೆಯನ್ನು ಸಂಕೋಚವಿಲ್ಲದೆ ಉಣ್ಣುವಂತಾದರೆ, ನಾವು ಅಂದು ಪಟ್ಟ ನಾಚಿಕೆಗೆ ಅದೇ ತಕ್ಕ ಪ್ರಾಯಶ್ಚಿತ್ತ.