ಪಕ್ಷಗಳ ಬಣ್ಣ ಮತ್ತು ಪ್ರಚಾರ ವೆಚ್ಚ (ಬೀದರ್ ಜಿಲ್ಲೆ)

ಬೀದರ್, ಭಾಲ್ಕಿ ಮತ್ತು ಪರಿಶಿಷ್ಟ ಜಾತಿಗೆ ಮೀಸಲಾದ ಔರಾದ್ ವಿಧಾನಸಭಾ ಕ್ಷೇತ್ರಗಳಲ್ಲಿ ಚುನಾವಣೆ ಬಂತೆಂದರೆ ಪಕ್ಷ ಯಾವುದೆಂದು ಕೊರಳ ಶಾಲೇ ಹೇಳುತ್ತದೆ: ಬಿಜೆಪಿಗೆ ಕೇಸರಿ, ಕಾಂಗ್ರೆಸ್ಸಿಗೆ ತ್ರಿವರ್ಣ, ಜೆಡಿಎಸ್‌ಗೆ ಹಸಿರು, ಬಿಎಸ್‌ಪಿಗೆ ನೀಲಿ. ಅಮೆರಿಕದಲ್ಲಿ ರಿಪಬ್ಲಿಕನ್ನರಿಗೆ ಕೆಂಪು, ಡೆಮಾಕ್ರಟರಿಗೆ ನೀಲಿ ಎಂಬುದು ಗಟ್ಟಿಯಾದದ್ದು 2000ದ ಚುನಾವಣೆಯ ಟಿವಿ ನಕ್ಷೆಗಳಿಂದ. ಭಾರತದಲ್ಲಿ ಚುನಾವಣಾ ಆಯೋಗ ಪಕ್ಷಕ್ಕೆ ಕೊಡುವುದು ಚಿಹ್ನೆಯನ್ನು, ಬಣ್ಣವನ್ನಲ್ಲ.

ಶಾಲು, ಬಾವುಟಗಳಿಗೂ ಲೆಕ್ಕವಿದೆ. 2022ರಿಂದ ಕರ್ನಾಟಕದಲ್ಲಿ ವಿಧಾನಸಭಾ ಅಭ್ಯರ್ಥಿಯ ವೆಚ್ಚದ ಮಿತಿ 40 ಲಕ್ಷ ರೂಪಾಯಿ, ಲೋಕಸಭೆಗೆ 95 ಲಕ್ಷ. ಬಾಡಿಗೆ ಜೀಪು, ಶಾಮಿಯಾನ, ಕುರ್ಚಿ, ಚಹಾ ಎಲ್ಲಕ್ಕೂ ಜಿಲ್ಲಾ ಚುನಾವಣಾಧಿಕಾರಿಯ ದರಪಟ್ಟಿಯೇ ಆಧಾರ. ಕರಪತ್ರದ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಕಡ್ಡಾಯ. ಫಲಿತಾಂಶದ ನಂತರ 30 ದಿನಗಳೊಳಗೆ ಲೆಕ್ಕ ಒಪ್ಪಿಸದವರನ್ನು ಆಯೋಗ 3 ವರ್ಷ ಅನರ್ಹಗೊಳಿಸಬಹುದು.

ಇಷ್ಟೆಲ್ಲ ಬಿಗಿಯ ನಡುವೆ ದೊಡ್ಡ ಕಂಡಿಯೊಂದಿದೆ: ಪಕ್ಷದ ಸ್ವಂತ ಖರ್ಚಿಗೆ ಮಿತಿಯೇ ಇಲ್ಲ. ತಾರಾ ಪ್ರಚಾರಕರ ಪ್ರಯಾಣ ವೆಚ್ಚ ಅಭ್ಯರ್ಥಿಯ ಲೆಕ್ಕಕ್ಕೆ ಸೇರದು. ಆದರೆ ಅಭ್ಯರ್ಥಿ ಅದೇ ವೇದಿಕೆ ಹತ್ತಿದರೆ ಸಭೆಯ ಖರ್ಚಿನ ಪಾಲು ಅವರ ತಲೆಗೆ ಬರುತ್ತದೆ. ಅಮೆರಿಕದಲ್ಲಂತೂ 1976ರ ಸುಪ್ರೀಂ ಕೋರ್ಟ್ ತೀರ್ಪು ಅಭ್ಯರ್ಥಿಯ ವೆಚ್ಚ ಮಿತಿಯನ್ನೇ ತೆಗೆದುಹಾಕಿತು. ಇಲ್ಲಿ ನಗದು ಸಾಗಣೆಯ ಮೇಲೂ ಕಣ್ಣಿದೆ: ಬೀದರ್ ಜಿಲ್ಲೆಯು ಮಹಾರಾಷ್ಟ್ರ, ತೆಲಂಗಾಣಗಳಿಗೆ ಹೊಂದಿಕೊಂಡಿರುವುದರಿಂದ ನೀತಿಸಂಹಿತೆಯ ದಿನಗಳಲ್ಲಿ ಗಡಿ ಚೆಕ್‌ಪೋಸ್ಟ್‌ಗಳಲ್ಲಿ ವಾಹನ ತಪಾಸಣೆ ನಡೆಯುತ್ತದೆ. ದಾಖಲೆಯಿಲ್ಲದೆ 50,000 ರೂಪಾಯಿ ಮೀರಿದ ನಗದು ಸಿಕ್ಕರೆ ವಶಕ್ಕೆ ಹೋಗುತ್ತದೆ.