ಕೃಷಿ ಪದವಿಗೆ ಮುಂಚಿನ ಓದು: ಸೇಡಂ–ಚಿಂಚೋಳಿ ಸೀಮೆಯ ಇತಿಹಾಸ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಲಬುರಗಿ ಜಿಲ್ಲೆಯ ಊರುಗಳು. ನೆಲದಡಿ ಸುಣ್ಣದಕಲ್ಲು, ನೆಲದ ಮೇಲೆ ತೊಗರಿ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿತು. ಇಲ್ಲಿನ ರೈತರ ಮಕ್ಕಳು ಬಿಎಸ್ಸಿ ಕೃಷಿ ಸೇರಬೇಕೆಂದರೆ ಎಲ್ಲಿಗೆ ಹೋಗಬೇಕು, ಯಾವ ವಿಷಯ ಓದಿರಬೇಕು ಎಂಬುದು ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ.

ನಿಜಾಮರ ಕಾಲದಲ್ಲಿ ಉನ್ನತ ಓದಿನ ದಿಕ್ಕು ಹೈದರಾಬಾದ್. 1874ರ ವಾಡಿ–ಸಿಕಂದರಾಬಾದ್ ರೈಲುದಾರಿ ಚಿತ್ತಾಪುರ, ಸೇಡಂ ಮೂಲಕವೇ ಹೋಗುತ್ತಿತ್ತು. ಹೈದರಾಬಾದಿನಲ್ಲಿ ಕೃಷಿ ಕಾಲೇಜು ಆರಂಭವಾದದ್ದು 1946ರಲ್ಲಿ. 1956ರ ಕರ್ನಾಟಕ ಏಕೀಕರಣದ ನಂತರ ದಿಕ್ಕು ಧಾರವಾಡ, ಬೆಂಗಳೂರಿನತ್ತ ತಿರುಗಿತು.

1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಅಮೆರಿಕದ ಭೂದತ್ತಿ (ಲ್ಯಾಂಡ್ ಗ್ರಾಂಟ್) ವಿಶ್ವವಿದ್ಯಾಲಯಗಳ ಮಾದರಿಯಲ್ಲಿ, ಟೆನೆಸಿ ವಿಶ್ವವಿದ್ಯಾಲಯದ ನೆರವಿನೊಂದಿಗೆ ರೂಪುಗೊಂಡಿತು. ಪಾಠ, ಸಂಶೋಧನೆ, ವಿಸ್ತರಣೆ ಒಂದೇ ಸೂರಿನಡಿ ಬಂದವು. ಆದರೆ ಅಮೆರಿಕದ ಇನ್ನೊಂದು ವ್ಯವಸ್ಥೆ ಇಲ್ಲಿಗೆ ಬರಲೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ 1960ರ ಉನ್ನತ ಶಿಕ್ಷಣ ಯೋಜನೆಯಂತೆ ಊರಿನ ಸಮುದಾಯ ಕಾಲೇಜಿನಲ್ಲಿ ಎರಡು ವರ್ಷ ಓದಿ, ಗಳಿಸಿದ ಕ್ರೆಡಿಟ್ಟಿನ ಸಮೇತ ವಿಶ್ವವಿದ್ಯಾಲಯಕ್ಕೆ ಸೇರಬಹುದು. ನಮ್ಮ ಹುಡುಗರಿಗೆ ಅಂಥ ದಾರಿ ಇರಲಿಲ್ಲ. ಇದು ದೊಡ್ಡ ನಷ್ಟ.

1986ರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ, 2008ರಲ್ಲಿ ಅದರಿಂದ ಬೇರ್ಪಟ್ಟು ರಾಯಚೂರಿನದು ಹುಟ್ಟಿತು. ರಾಯಚೂರು, ಭೀಮರಾಯನಗುಡಿ, ಕಲಬುರಗಿಯ ಕೃಷಿ ಕಾಲೇಜುಗಳು ಅದರ ಅಡಿಯಲ್ಲಿವೆ. ಕಾಲೇಜು ಮನೆಗೆ ಹತ್ತಿರ ಬಂತು. ತಯಾರಿ ಮಾತ್ರ ಹತ್ತನೇ ತರಗತಿ ಮುಗಿದ ಬೇಸಿಗೆಯಲ್ಲೇ ನಿಶ್ಚಯವಾಗಬೇಕು. ಪಿಯುಸಿಯಲ್ಲಿ ಜೀವವಿಜ್ಞಾನ ಬಿಟ್ಟವರಿಗೆ ಬಿಎಸ್ಸಿ ಕೃಷಿ ಇಲ್ಲ. ಗಣಿತ ಬಿಟ್ಟವರಿಗೆ ಬಿಟೆಕ್ ಕೃಷಿ ಎಂಜಿನಿಯರಿಂಗ್ ಇಲ್ಲ. ಎರಡೂ ಬಾಗಿಲು ತೆರೆದಿರಲಿ ಎನ್ನುವವರು ಪಿಸಿಎಂಬಿ (ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ, ಜೀವವಿಜ್ಞಾನ) ತೆಗೆದುಕೊಳ್ಳುತ್ತಾರೆ. ಆರ್ಟ್ಸ್ ಸೇರಿದ ರೈತನ ಮಗಳು ಮನಸ್ಸು ಬದಲಿಸಿದರೆ ಮೊದಲಿಂದ ಶುರುಮಾಡಬೇಕು.

ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಸಿಇಟಿಯ ಜೊತೆ, ರೈತರ ಮಕ್ಕಳಿಗೆ ಮೀಸಲಾದ ಕೃಷಿಕರ ಕೋಟಾದ ಪ್ರಾಯೋಗಿಕ ಪರೀಕ್ಷೆಯೂ ಇದೆ. ಮೇಜಿನ ಮೇಲೆ ಬೀಜ, ಗೊಬ್ಬರ, ಬೇಸಾಯದ ಸಲಕರಣೆ ಇಟ್ಟು, ಇದೇನು, ಯಾತಕ್ಕೆ ಬಳಸುತ್ತಾರೆ ಎಂದು ಕೇಳುತ್ತಾರೆ. ಹೊಲದಲ್ಲಿ ನೆಟೆ ರೋಗಕ್ಕೆ ಒಣಗಿದ ತೊಗರಿ ಕಂಡ ಮಗುವಿನ ಅನುಭವಕ್ಕೆ ಅಂಕ ಸಿಗುವ ಅಪರೂಪದ ಜಾಗ ಇದು. 2021ರಲ್ಲಿ ಈ ಕೋಟಾ ಶೇ. 40ರಿಂದ 50ಕ್ಕೆ ಏರಿತು. ಸಂವಿಧಾನದ 371(ಜೆ) ವಿಧಿಯ ಬಲದಿಂದ ಈ ಭಾಗದ ಕಾಲೇಜುಗಳಲ್ಲಿ ಶೇ. 70, ಹೊರಗಿನವುಗಳಲ್ಲಿ ಶೇ. 8 ಸೀಟು ಕಲಬುರಗಿಯನ್ನೂ ಒಳಗೊಂಡ ಕಲ್ಯಾಣ ಕರ್ನಾಟಕದವರಿಗೆ ಮೀಸಲು. ಈ ಮೀಸಲಾತಿಯ ಪ್ರಮಾಣಪತ್ರವನ್ನು ಸಹಾಯಕ ಆಯುಕ್ತರ ಕಚೇರಿಯಿಂದ ಮೊದಲೇ ಮಾಡಿಸಿಟ್ಟುಕೊಳ್ಳಬೇಕು.

ಪಿಯುಸಿಗೆ ಹೋಗದೆ, ಎಸ್ಸೆಸ್ಸೆಲ್ಸಿ ಆದವರಿಗೆ ಕನ್ನಡ ಮಾಧ್ಯಮದ ಎರಡು ವರ್ಷದ ಕೃಷಿ ಡಿಪ್ಲೊಮಾವೂ ಉಂಟು.

ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಆರನೇ ಡೀನ್‌ಗಳ ಸಮಿತಿಯ ಪಠ್ಯಕ್ರಮ ಮೊದಲ ವರ್ಷಕ್ಕೆ ಸರ್ಟಿಫಿಕೇಟ್, ಎರಡನೆಯದಕ್ಕೆ ಡಿಪ್ಲೊಮಾ ಪಡೆದು ಹೊರಬಂದು, ಮುಂದೆ ಮತ್ತೆ ಸೇರಿಕೊಳ್ಳಲು ಅವಕಾಶ ಕೊಟ್ಟಿದೆ. ಇನ್ನು ಕ್ಯಾಲಿಫೋರ್ನಿಯಾದಂತೆ ಸೇಡಂ, ಚಿಂಚೋಳಿಯ ಪದವಿ ಕಾಲೇಜಿನಲ್ಲಿ ಓದಿದ ಸಸ್ಯಶಾಸ್ತ್ರ, ರಸಾಯನಶಾಸ್ತ್ರದ ಕ್ರೆಡಿಟ್ಟಿಗೂ ಕೃಷಿ ಕಾಲೇಜಿನಲ್ಲಿ ಬೆಲೆ ಸಿಗುವಂತಾಗಬೇಕು.