ಯಲಹಂಕನಾಡಿನ ಕೆರೆಗಳು ಮತ್ತು ಆರನೆಯ ದೋಷ

ಕ್ರಿ.ಶ. 1369ರ ಪೋರುಮಾಮಿಳ್ಳ ಶಾಸನ ಇಂದಿನ ಆಂಧ್ರದ ಕಡಪ ಸೀಮೆಯದು. ವಿಜಯನಗರದ ಒಂದನೆಯ ಬುಕ್ಕರಾಯನ ಮಗ ಭಾಸ್ಕರನು ಅನಂತರಾಜಸಾಗರವೆಂಬ ಕೆರೆಯನ್ನು ಕಟ್ಟಿಸಿದ ಸಂಗತಿಯನ್ನು ಅದು ಸಂಸ್ಕೃತದಲ್ಲಿ ದಾಖಲಿಸುತ್ತದೆ. ಸಾವಿರ ಮಂದಿ ಕೆಲಸಗಾರರು, ನೂರು ಬಂಡಿಗಳು, ಎರಡು ವರ್ಷಗಳ ದುಡಿಮೆ ಎಂಬ ಲೆಕ್ಕವೂ ಅಲ್ಲಿದೆ. ಆದರೆ ಅದರ ನಿಜವಾದ ಮಹತ್ತ್ವವಿರುವುದು ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ಕೆರೆಗೆ ಒದಗುವ ಆರು ದೋಷಗಳನ್ನೂ ಎಣಿಸುವ ಭಾಗದಲ್ಲಿ. ಏರಿಯಲ್ಲಿ ನೀರು ಜಿನುಗುವುದು, ಚೌಳು ಮಣ್ಣು, ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯ ನಡುವೆ ದಿಬ್ಬವಿರುವುದು, ನೀರು ಸ್ವಲ್ಪವಾಗಿ ನೆಲ ವಿಸ್ತಾರವಾಗಿರುವುದು, ನೆಲ ಸ್ವಲ್ಪವಾಗಿ ನೀರು ಅಧಿಕವಾಗಿರುವುದು — ಇವು ಆ ದೋಷಗಳು. ಬೆಂಗಳೂರಿನ ಉತ್ತರ ಭಾಗದ, ಎಂದರೆ ಹಳೆಯ ಯಲಹಂಕನಾಡಿನ ವಿಪತ್ತುಗಳ ಚರಿತ್ರೆಯನ್ನು ಈ ಕೊನೆಯ ಎರಡು ದೋಷಗಳ ನಡುವೆ ಇಟ್ಟು ಓದಬಹುದು. ಐದನೆಯದು ಶತಮಾನಗಳ ಕಥೆ; ಆರನೆಯದು ಕೆಲವೇ ದಶಕಗಳದು.

ಈ ಸೀಮೆಗೆ ಜೀವನದಿಯಿಲ್ಲ. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟುವ ಅರ್ಕಾವತಿ ಪಶ್ಚಿಮಕ್ಕೂ ದಕ್ಷಿಣ ಪಿನಾಕಿನಿ ಪೂರ್ವಕ್ಕೂ ಸರಿದುಹೋಗುತ್ತವೆ. ನಡುವಿನ ದಿಣ್ಣೆಯ ನೆಲಕ್ಕೆ ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರ್–ಅಕ್ಟೋಬರ್‌ಗಳಲ್ಲೊಮ್ಮೆ ಜೋರಾಗಿ ಸುರಿಯುವ ಮಳೆಯೇ ಆಧಾರ. ಆದ್ದರಿಂದ ಇಲ್ಲಿನ ಜನ ಹಳ್ಳಗಳಿಗೆ ಅಡ್ಡಲಾಗಿ ಏರಿ ಹಾಕಿ, ಮೇಲಿನ ಕೆರೆಯ ಕೋಡಿಯ ನೀರು ಕೆಳಗಿನ ಕೆರೆಯನ್ನು ತುಂಬುವಂತೆ ಸರಣಿಯಾಗಿ ಕಟ್ಟಿದರು. ಯಲಹಂಕ, ಅಳ್ಳಾಲಸಂದ್ರ, ಜಕ್ಕೂರು, ರಾಚೇನಹಳ್ಳಿಗಳದು ಒಂದು ಸಾಲು. ಹೆಬ್ಬಾಳ, ನಾಗವಾರಗಳದು ಇನ್ನೊಂದು. ಎರಡೂ ಸಾಲುಗಳ ನೀರು ಕಲ್ಕೆರೆ, ಎಲೆ ಮಲ್ಲಪ್ಪ ಶೆಟ್ಟಿ ಕೆರೆಗಳ ಮೂಲಕ ಕೊನೆಗೆ ಸೇರುವುದು ದಕ್ಷಿಣ ಪಿನಾಕಿನಿಯನ್ನೇ. ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿಯು ಹತ್ತೊಂಬತ್ತನೆಯ ಶತಮಾನದಲ್ಲಿ ಈ ನಾಡಿನಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದಕ್ಕೇ ಜಾಣ್ಮೆ ಬೇಕೆಂದು ಬೆರಗುಪಟ್ಟಿದ್ದನು.

ಈ ನೆಲದಲ್ಲಿ ಜನವಸತಿ ಎಷ್ಟು ಹಳೆಯದೆಂಬುದಕ್ಕೆ 2018ರಲ್ಲಿ ಹೆಬ್ಬಾಳದಲ್ಲಿ ನೆಲ ಅಗೆಯುವಾಗ ದೊರೆತ ಕಿತ್ತಯ್ಯನ ವೀರಗಲ್ಲು ಸಾಕ್ಷಿ. ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಈ ಕಲ್ಲು ‘ಪೆರ್ಬೊಳಲ್ನಾಡು’ ಎಂಬ ಹೆಸರನ್ನು ಉಳಿಸಿಕೊಟ್ಟಿದೆ. ಕೆರೆಗಳ ಸಾಕ್ಷ್ಯ ಇನ್ನೂ ಹತ್ತಿರದಲ್ಲಿ, ಊರ ಹೆಸರುಗಳಲ್ಲೇ ಇದೆ. ಅಳ್ಳಾಲಸಂದ್ರದ ‘ಸಂದ್ರ’ ಕೆರೆಗೆ ಸಲ್ಲುತ್ತಿದ್ದ ‘ಸಮುದ್ರ’ ಶಬ್ದದ ಸವೆದ ರೂಪ. ಕೆರೆ ಕಟ್ಟಿದವನಿಗೂ ಅದನ್ನು ಕಾಯುವವನಿಗೂ ಬಿಟ್ಟ ಭೂಮಿಯನ್ನು ಶಾಸನಗಳು ಕಟ್ಟುಕೊಡಗೆ, ಬಿತ್ತುವಟ್ಟ ಎಂದು ಕರೆಯುತ್ತವೆ. ಹೆಬ್ಬಾಳದ ಪಕ್ಕದ ಕೊಡಿಗೆಹಳ್ಳಿಯ ಹೆಸರನ್ನು ಈ ಹಿನ್ನೆಲೆಯಲ್ಲಿ ಯೋಚಿಸಬೇಕು. ಸಪ್ತಸಂತಾನಗಳಲ್ಲಿ ಕೃತಿಯೂ ಕೆರೆಯೂ ಜೊತೆಯಾಗಿ ಸೇರಿದ್ದನ್ನು ಸಾಹಿತ್ಯದ ವಿದ್ಯಾರ್ಥಿಗಳು ಅಲಂಕಾರವೆಂದು ದಾಟಿಹೋಗುವುದುಂಟು. ಅದು ಅಲಂಕಾರವಲ್ಲ, ಆಡಳಿತ. ಏರಿಯ ದುರಸ್ತಿಗೂ ಹೂಳೆತ್ತುವುದಕ್ಕೂ ಶಾಶ್ವತವಾದ ಆದಾಯವನ್ನು ತೆಗೆದಿರಿಸಿದ ವ್ಯವಸ್ಥೆ ಅದು.

ಅಂದಿನವರ ಭಯವಿದ್ದುದು ಬಹುಮಟ್ಟಿಗೆ ಬರಿದಾದ ಕೆರೆಯ ಕುರಿತು. ‘ಕೆರೆಗೆ ಹಾರ’ ಕಥನಗೀತೆಯಲ್ಲಿ ಕಲ್ಲನಕೇರಿಯ ಸೊಸೆ ಭಾಗೀರಥಿ ಬಲಿಯಾಗುವುದು ತೋಡಿದ ಕೆರೆಗೆ ನೀರು ಬಾರದಿದ್ದುದಕ್ಕೆ. 1876–78ರ ಬರಗಾಲದಲ್ಲಿ ಮೈಸೂರು ಸಂಸ್ಥಾನದ ಸುಮಾರು ಐದನೆಯ ಒಂದು ಪಾಲು ಜನ ಅಳಿದರು. ನೆರೆಯಿಂದ ಈ ಬಯಲುಸೀಮೆಗೆ ಅಂಥ ನಷ್ಟ ಎಂದೂ ಆದದ್ದಿಲ್ಲ. ಏರಿ ಒಡೆಯುವ ಅಪಾಯ ಇದ್ದೇ ಇತ್ತು. ಸರಣಿಯಲ್ಲಿ ಮೇಲಿನ ಒಂದು ಕೆರೆ ಒಡೆದರೆ ಕೆಳಗಿನವೂ ಒಡೆಯಬಹುದಾಗಿತ್ತು. ಅದನ್ನು ತಪ್ಪಿಸುವುದೇ ಕೋಡಿಯ ಕೆಲಸ. ಕೆರೆ ಕೋಡಿ ಬಿದ್ದ ದಿನ ಊರಿನವರು ಗಂಗಾಪೂಜೆ ಮಾಡಿ ಬಾಗಿನ ಬಿಡುತ್ತಿದ್ದರು. ಹರಿದ ನೀರಿಗೆ ಕಾಲುವೆಯಿತ್ತು, ಅದು ಉಕ್ಕಿದರೆ ಅಚ್ಚುಕಟ್ಟಿನ ಗದ್ದೆಯಿತ್ತು, ಅದರಾಚೆ ಇನ್ನೊಂದು ಕೆರೆ ಕಾದಿತ್ತು.

ಆ ಗದ್ದೆಯೇ ಈಗ ಬಡಾವಣೆ. 2007ರಲ್ಲಿ ಯಲಹಂಕ, ಬ್ಯಾಟರಾಯನಪುರ ನಗರಸಭೆಗಳೂ ಸುತ್ತಲಿನ ಹಳ್ಳಿಗಳೂ ಮಹಾನಗರ ಪಾಲಿಕೆಯೊಳಗೆ ಸೇರಿದವು. ಕೆರೆಗಳನ್ನು ಉಳಿಸಬೇಕೆಂದು 1985ರಷ್ಟು ಹಿಂದೆಯೇ ನೇಮಕವಾದ ಲಕ್ಷ್ಮಣರಾವ್ ಸಮಿತಿ ಹೇಳಿತ್ತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬೆಂಗಳೂರಿನಲ್ಲಿ 35 ಟಿಎಂಸಿ ಹಿಡಿಯಬಲ್ಲ 1,452 ಜಲಮೂಲಗಳಿದ್ದು, 2016ರ ಹೊತ್ತಿಗೆ 5 ಟಿಎಂಸಿಯ 194 ಮಾತ್ರ ಉಳಿದಿದ್ದವೆಂದು ಮಹಾಲೇಖಪಾಲರ ವರದಿ ಹೇಳುತ್ತದೆ.

ಫಲ ತಡವಾಗಿ ಕಾಣಲಿಲ್ಲ. 2021ರ ನವೆಂಬರಿನಲ್ಲಿ ಯಲಹಂಕದ ಕೇಂದ್ರೀಯ ವಿಹಾರ ವಸತಿ ಸಮುಚ್ಚಯ ಜಲಾವೃತವಾಗಿ ನಿವಾಸಿಗಳನ್ನು ದೋಣಿಗಳಲ್ಲಿ ಸಾಗಿಸಬೇಕಾಯಿತು; ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರಕ್ಕೂ ನೀರು ನುಗ್ಗಿತು. 2024ರ ಅಕ್ಟೋಬರಿನಲ್ಲಿ ಅದೇ ಸಮುಚ್ಚಯ ಮತ್ತೆ ಮುಳುಗಿತು. 2025ರ ಮೇ ತಿಂಗಳಲ್ಲಿ ನಾಗವಾರದ ಮಾನ್ಯತಾ ಟೆಕ್ ಪಾರ್ಕ್‌ಗೂ ಹೊರಮಾವಿನ ಸಾಯಿ ಬಡಾವಣೆಗೂ ಆ ಸರದಿ ಬಂತು. ಯಾವುದೂ ನದಿಯ ಪ್ರವಾಹವಲ್ಲ. ನಾಲ್ಕೂ ಸ್ಥಳಗಳು ಇದೇ ಕೆರೆಸಾಲುಗಳ ಹರಿವಿನಲ್ಲಿವೆ. ಕಾಂಕ್ರೀಟಾದ ನೆಲ ಮಳೆಯನ್ನು ಹೀರದೆ ಕೆರೆಗೆ ದೂಡುತ್ತದೆ. ಹೂಳು ತುಂಬಿದ ಕೆರೆ ಬೇಗ ಕೋಡಿ ಬೀಳುತ್ತದೆ. ಕೋಡಿಯ ಕೆಳಗೆ ರಾಜಕಾಲುವೆ ಕಿರಿದಾಗಿದೆ. ನೆಲ ಸ್ವಲ್ಪ, ನೀರು ಅಧಿಕ.

ಆದ್ದರಿಂದ ಇಲ್ಲಿನ ನೆರೆಯ ಅಪಾಯವನ್ನು ಮಳೆಯ ಮಿಲಿಮೀಟರುಗಳಿಂದಷ್ಟೇ ಅಳೆಯುವುದು ಅರ್ಧ ಕೆಲಸ. ರಾಜಕಾಲುವೆಯನ್ನೂ ಖರಾಬು ನೆಲವನ್ನೂ ಗುರುತಿಸಿದ ಹಳೆಯ ಗ್ರಾಮನಕ್ಷೆಗಳು ಹವಾಮಾನ ದಾಖಲೆಯಷ್ಟೇ ಮುಖ್ಯವಾದ ಆಕರಗಳು. ಕೆರೆಯಂಚಿನಲ್ಲಿ 75 ಮೀಟರ್ ಬಯಲು ಬಿಡಬೇಕೆಂದು 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ ನೀಡಿದ ಆದೇಶವನ್ನು 2019ರಲ್ಲಿ ಸುಪ್ರೀಂ ಕೋರ್ಟು ರದ್ದುಮಾಡಿತು. ಆ ವ್ಯಾಜ್ಯವೆಲ್ಲ ಅಂಚಿನ ಅಗಲದ ಸುತ್ತಲೇ ನಡೆಯಿತು. ಸರಣಿಯ ಲೆಕ್ಕ ಬೇರೆ: ಯಲಹಂಕದ ಕೋಡಿಕಾಲುವೆಯನ್ನು ಮಾತ್ರ ಅಗಲಿಸಿದರೆ ಅಲ್ಲಿನ ಮನೆಗಳು ಉಳಿಯಬಹುದು, ಆದರೆ ಅದೇ ನೀರು ಮೊದಲಿಗಿಂತ ಬೇಗನೆ ಜಕ್ಕೂರನ್ನು ಮುಟ್ಟುತ್ತದೆ, ಅಲ್ಲಿಂದ ರಾಚೇನಹಳ್ಳಿಯನ್ನು.